ದಿನಕ್ಕೊಂದು ಚಿತ್ರ, ವಾರಕ್ಕೊಂದು ಕಾಗದ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಶಿರಸಿಯಲ್ಲಿ, ನನ್ನ ಗೆಳತಿ ಮೈಸೂರಿನಲ್ಲಿ. ಧಾರವಾಡದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿದ್ದವರು. ಈಗ ಆರು ವರ್ಷದಿಂದ ಇಬ್ಬರೂ ದಿನಕ್ಕೊಂದು ಚಿತ್ರ ಬರೆದು ವಾರಕ್ಕೊಮ್ಮೆ ಅಂಚೆಗೆ ಹಾಕುತ್ತೇವೆ. ಈ ಸಂಗತಿ ಗೊತ್ತಾದವರು ಮದುವೆಮನೆ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಅಂಚೆ ಕಚೇರಿಯ ಕ್ಯೂನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಸರಿಯಾಗಿ ಹೇಳಿ, ಏನು ಮಾಡ್ತೀರಿ ನೀವು?

ಅಂಗೈಯಗಲದ ಕಾಗದದ ಮೇಲೆ ದಿನಾ ಒಂದು ಚಿತ್ರ. ಹತ್ತು ನಿಮಿಷ, ಹೆಚ್ಚೆಂದರೆ ಕಾಲು ಗಂಟೆ. ಹಿಂದುಗಡೆ ತಾರೀಖು, ಒಂದೆರಡು ಸಾಲು ಮಾತು. ಶನಿವಾರ ಏಳನ್ನೂ ಒಂದು ಕವರಿಗೆ ತುಂಬಿ ಡಬ್ಬಿಗೆ ಹಾಕುವುದು. ಅಲ್ಲಿಂದ ಅವಳೂ ಹಾಗೇ ಮಾಡುತ್ತಾಳೆ. ಎರಡೂ ಕವರು ಒಂದೇ ದಿನ ಹೊರಡುತ್ತವೆ, ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗುತ್ತವೆ. ಹಾಗಾಗಿ ನನ್ನ ಚಿತ್ರಕ್ಕೆ ಅವಳದು ಉತ್ತರ ಅಂತೇನೂ ಅಲ್ಲ. ಅವಳ ವಾರ ನನ್ನ ಮನೆಗೆ, ನನ್ನ ವಾರ ಅವಳ ಮನೆಗೆ.

ಕನ್ನಡದಲ್ಲಿ ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ನಾವು ಎರಡನ್ನೂ ಒಂದೇ ಹಾಳೆಯಲ್ಲಿ ಮಾಡುತ್ತಿದ್ದೇವೆ, ಅಷ್ಟೇ.

ನನಗೆ ಚಿತ್ರ ಬರೆಯೋಕೆ ಬರೋದೇ ಇಲ್ಲ. ಆದರೂ ಶುರು ಮಾಡಬಹುದಾ?

ಇದನ್ನು ಕೇಳುವವರಲ್ಲಿ ಅರ್ಧಕ್ಕರ್ಧ ಜನ ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುವವರು. ಅವರು ಹೀಗೆ ಕೇಳಿದರೆ ನನಗೆ ನಗು ಬರುತ್ತದೆ. ನಿಂತಲ್ಲೇ ಬಗ್ಗಿ, ರಬ್ಬರ್ ಇಲ್ಲದೆ, ಹಿಟ್ಟನ್ನು ಬೆರಳ ಸಂದಿಯಲ್ಲಿ ಬಿಟ್ಟು ಎಳೆ ಎಳೆಯುವವರಿಗೆ ಪೆನ್ಸಿಲ್ ಕಂಡರೆ ಭಯವಂತೆ!

ನಮ್ಮಮ್ಮ ಮತ್ತು ದೊಡ್ಡಮ್ಮ ಇನ್‌ಲ್ಯಾಂಡಿನಲ್ಲಿ, ಅಂದರೆ ಮಡಚಿ ಅಂಟಿಸುವ ಅಂಚೆ ಕಾಗದದಲ್ಲಿ, ರಂಗೋಲಿ ಕಳಿಸಿಕೊಳ್ಳುತ್ತಿದ್ದರು. ಮೊದಲು ಮಕ್ಕಳ ಜ್ವರ, ಎಮ್ಮೆ ಕರು ಹಾಕಿದ್ದು, ಯಾರದೋ ನಿಶ್ಚಿತಾರ್ಥ. ಕೊನೆಯ ಮಡಿಕೆಯಲ್ಲಿ ಚುಕ್ಕಿ ಇಟ್ಟು ಒಂದು ಹೊಸ ರಂಗೋಲಿ. ಪಕ್ಕದಲ್ಲಿ "ಸಂದುಚುಕ್ಕಿ, 15ರಿಂದ 8" ಅಂತ ಬರಹ. ಗೊತ್ತಿದ್ದವರಿಗೆ ಅಷ್ಟೇ ಸಾಕು. ನಡುವಿನ ಸಾಲಿಗೆ 15 ಚುಕ್ಕಿ, ಮೇಲಕ್ಕೂ ಕೆಳಕ್ಕೂ ಎರಡು ಚುಕ್ಕಿಯ ಸಂದಿಗೆ ಒಂದರಂತೆ ಇಟ್ಟು, ಒಂದೊಂದೇ ಕಮ್ಮಿ ಮಾಡುತ್ತಾ 8ಕ್ಕೆ ನಿಲ್ಲಿಸಿದರೆ ಆರು ಮೂಲೆಯ ಅಂಗಳ ಸಿದ್ಧ. ಅಕ್ಕ ಕಳಿಸಿದ ರಂಗೋಲಿ ತಂಗಿಯ ಬಾಗಿಲಲ್ಲಿ ಬೀಳುವ ಹೊತ್ತಿಗೆ ಒಂದೆರಡು ಎಳೆ ಬದಲಾಗಿರುತ್ತಿತ್ತು. ಯಾರಿಗೂ ಅದರಿಂದ ಬೇಜಾರಿರಲಿಲ್ಲ. ನಾವು ಮಾಡುತ್ತಿರುವುದು ಹೊಸದೇನಲ್ಲ ಅಂತ ನನಗೆ ಅನಿಸುವುದು ಆ ಇನ್‌ಲ್ಯಾಂಡುಗಳು ನೆನಪಾದಾಗ.

ಜಪಾನಿನಲ್ಲಿ ಇದಕ್ಕೇ ಒಂದು ಹೆಸರಿದೆ, ಎತೆಗಾಮಿ. ಎ ಅಂದರೆ ಚಿತ್ರ, ತೆಗಾಮಿ ಅಂದರೆ ಕಾಗದ. ಕೊಇಕೆ ಕುನಿಓ ಎಂಬಾತ 1960ರ ಆಸುಪಾಸಿನಲ್ಲಿ ಗೆಳೆಯನಿಗೆ ಇಂಥ ಕಾಗದ ಬರೆಯಲು ಶುರುಮಾಡಿ, ಆಮೇಲೆ ಊರಿಗೆಲ್ಲ ಹಚ್ಚಿದ. ಎತೆಗಾಮಿ ಬರೆಯುವವರು ಹೇಳಿಕೊಳ್ಳುವ ಮಾತು ನನಗೆ ಬಹಳ ಇಷ್ಟ. ಕನ್ನಡದಲ್ಲಿ ಹೇಳುವುದಾದರೆ: ಸೊಟ್ಟ ಇದ್ದರೂ ಚಂದ, ಸೊಟ್ಟ ಇದ್ದರೇ ಚಂದ. ಅವರಲ್ಲಿ ಕುಂಚವನ್ನು ಬುಡದಲ್ಲಿ ಹಿಡಿಯುವುದಿಲ್ಲ, ತುತ್ತತುದಿಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸುತ್ತಾರೆ. ಹಾಗೆ ಹಿಡಿದರೆ ಎಂಥ ಪಳಗಿದ ಕೈಯಾದರೂ ನಡುಗುತ್ತದೆ. ನಡುಗಲಿ ಅಂತಲೇ ಹಾಗೆ. ಕಚ್ಚಾ ಪ್ರತಿ ಮಾಡುವಂತಿಲ್ಲ, ನೇರ ಕಾರ್ಡಿನ ಮೇಲೇ. ಬದನೆಕಾಯಿ ಬರೆದರೆ ಕಾರ್ಡಿನ ಅಂಚು ಮೀರಿ ಹೋಗುವಷ್ಟು ದೊಡ್ಡದಾಗಿ. ಒಮ್ಮೆ ಪೆನ್ಸಿಲನ್ನು ಹಾಗೆ ತುದಿಯಲ್ಲಿ ಹಿಡಿದು ಬರೆದು ನೋಡಿ.

ವಾಟ್ಸಾಪ್ ಇರುವಾಗ ಈ ಕಷ್ಟ ಯಾಕೆ?

ನಾವು ಶುರು ಮಾಡಿದ್ದೇ ವಾಟ್ಸಾಪಿನಲ್ಲಿ. ಎರಡು ತಿಂಗಳು ನಡೆಯಿತು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ನಾನು ಒಂದು ಚಿತ್ರಕ್ಕೆ ನಾಲ್ಕು ಫೋಟೊ ತೆಗೆಯುತ್ತಿದ್ದೆ. ನೆರಳು ಬೀಳದ್ದನ್ನು ಆರಿಸಿ, ಅಂಚು ಕತ್ತರಿಸಿ, ಬೆಳಕು ಹೆಚ್ಚಿಸಿ ಕಳಿಸುತ್ತಿದ್ದೆ. ಅವಳು ಹೆಬ್ಬೆರಳು ಎತ್ತುತ್ತಿದ್ದಳು. ಸಂಜೆಯೊಳಗೆ ಅದು ಯಾರದೋ ಗುಡ್ ಮಾರ್ನಿಂಗ್ ಗುಲಾಬಿಗಳ ಕೆಳಗೆ ಹೋಗಿಬಿಡುತ್ತಿತ್ತು. ಚಿತ್ರ ಬರೆಯುವುದಕ್ಕಿಂತ ಫೋಟೊ ತೆಗೆಯುವುದೇ ಜಾಸ್ತಿ ಆಯಿತು.

ಅಂಚೆಯಲ್ಲಿ ಆ ಆಟ ನಡೆಯುವುದಿಲ್ಲ. ಒರೆಸಿದ ಕಲೆ, ಬೆರಳಚ್ಚು, ಮಧ್ಯದಲ್ಲಿ ಬಿಟ್ಟ ಗೆರೆ, ಎಲ್ಲ ಇದ್ದ ಹಾಗೇ ಹೋಗುತ್ತದೆ. ಇನ್ನೊಂದು, ನನ್ನ ಮಟ್ಟಿಗೆ ಇದೇ ದೊಡ್ಡದು: ಕಳಿಸಿದ್ದು ನನ್ನ ಹತ್ತಿರ ಉಳಿಯುವುದಿಲ್ಲ. ನಾವು ಫೋಟೊ ತೆಗೆದಿಟ್ಟುಕೊಳ್ಳುವುದಿಲ್ಲ ಅಂತ ಮೊದಲ ವಾರವೇ ಮಾತಾಡಿಕೊಂಡೆವು. ನನ್ನ ಆರು ವರ್ಷ ಮೈಸೂರಿನಲ್ಲಿದೆ. ಅವಳ ಆರು ವರ್ಷ ನನ್ನ ಟ್ರಂಕಿನಲ್ಲಿದೆ. ಕೈಬಿಟ್ಟು ಹೋಗುವ ಚಿತ್ರವನ್ನು ಬರೆಯುವಾಗ ಕೈ ಸ್ವಲ್ಪ ಹಗುರ ಇರುತ್ತದೆ, ಇದು ನನ್ನ ಅನುಭವ.

ಖರ್ಚು ಎಷ್ಟಾಗುತ್ತದೆ?

ಪೋಸ್ಟ್‌ಕಾರ್ಡಿಗೆ 50 ಪೈಸೆ. ಇನ್‌ಲ್ಯಾಂಡಿಗೆ ಎರಡೂವರೆ ರೂಪಾಯಿ. ಕವರಾದರೆ 20 ಗ್ರಾಂವರೆಗೆ 5 ರೂಪಾಯಿ, ಆಮೇಲೆ ಪ್ರತಿ 20 ಗ್ರಾಂಗೆ ಇನ್ನೊಂದು 5. ದಿನಾ ಒಂದು ಕಾರ್ಡ್ ಹಾಕಿದರೂ ವರ್ಷಕ್ಕೆ 182 ರೂಪಾಯಿ 50 ಪೈಸೆ. ಅಂಗಡಿಯಲ್ಲಿ 50 ಪೈಸೆಗೆ ಈಗ ಏನೂ ಬರುವುದಿಲ್ಲ, ಚಿಲ್ಲರೆ ಬದಲು ಕೊಡುವ ಚಾಕಲೇಟೂ ಒಂದು ರೂಪಾಯಿಯದು.

ನಮ್ಮ ಲೆಕ್ಕ ಹೀಗೆ. 150 ಜಿಎಸ್ಎಂ (ಚದರ ಮೀಟರಿಗೆ 150 ಗ್ರಾಂ ತೂಗುವ) ಡ್ರಾಯಿಂಗ್ ಹಾಳೆಯನ್ನು ಎ4 ಅಳತೆಯಲ್ಲಿ ತಂದು ನಾಲ್ಕು ತುಂಡು ಮಾಡುತ್ತೇವೆ. ಒಂದು ತುಂಡು ಎರಡೂಕಾಲು ಗ್ರಾಂ ಚಿಲ್ಲರೆ ತೂಗುತ್ತದೆ. ಏಳು ತುಂಡಿಗೆ 16 ಗ್ರಾಂ ದಾಟಿತು, ಕವರಿನದು ನಾಲ್ಕೈದು ಗ್ರಾಂ. ಕೂದಲೆಳೆಯಷ್ಟರಲ್ಲಿ 20 ಮೀರುತ್ತದೆ! ಮೊದಮೊದಲು ನಾನು ಜಾಣತನ ಮಾಡಿ 5 ರೂಪಾಯಿ ಸ್ಟಾಂಪೇ ಹಚ್ಚುತ್ತಿದ್ದೆ. ಒಂದು ವಾರ ಅದು ಬೇರಿಂಗ್ ಆಗಿ ಹೋಯಿತು. ಬೇರಿಂಗ್ ಅಂದರೆ ಕಮ್ಮಿ ಬಿದ್ದ ದುಡ್ಡಿನ ಎರಡರಷ್ಟನ್ನು ಪಡೆಯುವವರ ಕೈಯಿಂದ ವಸೂಲಿ ಮಾಡುತ್ತಾರೆ. ಅವಳು 10 ರೂಪಾಯಿ ಕೊಟ್ಟು ಬಿಡಿಸಿಕೊಂಡು, ಮುಂದಿನ ಕವರಿನಲ್ಲಿ ಆ 10 ರೂಪಾಯಿ ನೋಟಿನ ಚಿತ್ರ ಬರೆದು ಕಳಿಸಿದಳು. ಗಾಂಧೀಜಿ ಮುಖ ಗಂಟಿಕ್ಕಿಕೊಂಡಿತ್ತು. ಆಮೇಲಿಂದ 10 ರೂಪಾಯಿಯದೇ ಹಚ್ಚುತ್ತೇನೆ, ವರ್ಷಕ್ಕೆ 520 ಆಗುತ್ತದೆ. ವರ್ಷಕ್ಕೆ ನೂರು ಹಾಳೆಯೊಳಗೆ ಮುಗಿಯುತ್ತದೆ.

ಕಾರ್ಡು, ಇನ್‌ಲ್ಯಾಂಡು, ಕವರು, ಯಾವುದು ಒಳ್ಳೆಯದು?

ಶುರುವಿಗೆ ಕಾರ್ಡು. ಜಾಗ ಕಮ್ಮಿ, ತಪ್ಪಿಸಿಕೊಳ್ಳೋಕೆ ನೆಪವೂ ಕಮ್ಮಿ. ವಿಳಾಸದ ಕಡೆಯ ಎಡ ಅರ್ಧದಲ್ಲಿ ಮಾತು, ಇನ್ನೊಂದು ಮಗ್ಗುಲು ಪೂರ್ತಿ ಚಿತ್ರಕ್ಕೆ. ಕೆಲವು ಸಲ ಅಂಚೆ ಕಚೇರಿಯಲ್ಲಿ ಕಾರ್ಡೇ ಇರುವುದಿಲ್ಲ, ಸಿಕ್ಕಾಗ 50 ತಂದಿಟ್ಟುಕೊಳ್ಳಿ. ಇನ್‌ಲ್ಯಾಂಡಿನ ಒಳಗೆ ಬೇರೆ ಏನನ್ನೂ ಇಡುವಂತಿಲ್ಲ, ಆದರೆ ಅದರ ಮಡಿಕೆಗಳಲ್ಲಿ ಒಂದು ಮಜಾ ಇದೆ. ಮೂರು ಭಾಗದಲ್ಲಿ ಮೂರು ಚಿತ್ರ ಬರೆದರೆ ಬಿಚ್ಚಿದ ಹಾಗೆಲ್ಲ ಕಥೆ ಬಿಚ್ಚಿಕೊಳ್ಳುತ್ತದೆ. ಏಳೂ ಒಟ್ಟಿಗೆ ಕಳಿಸುವುದಾದರೆ ಕವರು.

ಯಾವ ಪೆನ್ನು, ಯಾವ ಬಣ್ಣ?

ಮನೆಯಲ್ಲಿರುವುದು. ಹೊಸ ಸಾಮಾನು ಕೊಂಡು ಶುರುಮಾಡಿದವರು ಸಾಮಾನು ಜೋಡಿಸಿಟ್ಟು ಸುಮ್ಮನಾದದ್ದನ್ನೇ ನಾನು ಜಾಸ್ತಿ ನೋಡಿದ್ದು.

ಪೋಸ್ಟ್‌ಕಾರ್ಡಿನ ಕಾಗದ ಮೆದು, ಶಾಯಿ ಕುಡಿಯುತ್ತದೆ. ಅದರ ಮೇಲೆ ಸಾದಾ ಬಾಲ್‌ಪೆನ್ನಿನಷ್ಟು ಚೆನ್ನಾಗಿ ಬೇರೆ ಯಾವುದೂ ಓಡುವುದಿಲ್ಲ. ಮೆಲ್ಲಗೆ ಒತ್ತಿದರೆ ಬೂದು, ಜೋರಾಗಿ ಒತ್ತಿದರೆ ಕಪ್ಪು, ಒಂದೇ ಪೆನ್ನಿನಲ್ಲಿ ನೆರಳೂ ಸಿಗುತ್ತದೆ. ಪೆನ್ಸಿಲ್ ಆದರೆ ಕವರಿನೊಳಗೆ ಒಂದಕ್ಕೊಂದು ಉಜ್ಜಿ ಎದುರಿನ ಹಾಳೆಗೂ ಚಿತ್ರ ಹತ್ತಿಕೊಳ್ಳುತ್ತದೆ, ಮಧ್ಯೆ ತೆಳು ಕಾಗದ ಇಡಿ.

ಮಳೆಗಾಲದ ಮಾತೇ ಬೇರೆ. ಮೊದಲ ವರ್ಷದ ಜುಲೈಯಲ್ಲಿ ನಾನು ಫೌಂಟನ್ ಪೆನ್ನಿನಲ್ಲಿ ಬರೆದ ಏಳು ಚಿತ್ರ ಮೈಸೂರು ಮುಟ್ಟುವಾಗ ಒದ್ದೆಯಾಗಿ ಒಂದಕ್ಕೊಂದು ಅಂಟಿ, ಹಸಿ ಹಪ್ಪಳದ ಅಟ್ಟಿಯ ಹಾಗೆ ಆಗಿದ್ದವಂತೆ. ಅವಳು ಬಿಡಿಸಿ ಫ್ಯಾನಿನ ಕೆಳಗೆ ಒಣಗಿಸಿದಳು. ಕಂಬಳಿಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೊರಟವರ ಚಿತ್ರವೊಂದಿತ್ತು, ಅದರಲ್ಲಿ ಕಂಬಳಿಯ ನೀಲಿಯೆಲ್ಲ ಇಳಿದು ಕಾಲಿನ ಹತ್ತಿರ ಕೆರೆಯಾಗಿತ್ತು. "ನಿಮ್ಮೂರ ಮಳೆ ಇಲ್ಲಿಗೂ ಬಂತು ಮಾರಾಯ್ತಿ" ಅಂತ ಬರೆದಳು. ಈಗ ಜೂನಿನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಕರಗದ ಡ್ರಾಯಿಂಗ್ ಇಂಕು, ಒಳಗೊಂದು ಪ್ಲಾಸ್ಟಿಕ್ ಕೊಟ್ಟೆ, ಅಂದರೆ ಚೀಲ. ಮಳೆಗೆ ಅಡಿಕೆಗೊನೆಗೇ ಕೊಟ್ಟೆ ಕಟ್ಟುವ ಊರಿನವಳು ನಾನು, ಚಿತ್ರಕ್ಕೆ ಕಟ್ಟಲು ಒಂದು ವರ್ಷ ಬೇಕಾಯಿತು.

ದಿನಾ ಏನು ಅಂತ ಬರೆಯೋದು? ಮೂರನೇ ದಿನಕ್ಕೇ ಖಾಲಿಯಾಗಿಬಿಡುತ್ತೆ.

ಖಾಲಿಯಾಗುವುದು ಸಾಮಾನ್ಯವಾಗಿ ಹನ್ನೊಂದನೇ ದಿನ. ಮೊದಲ ಹತ್ತು ದಿನ ಹೂವು, ಕಿಟಕಿ, ಬೆಕ್ಕು, ಚಹಾ ಲೋಟದಲ್ಲಿ ಕಳೆಯುತ್ತದೆ. ಆಮೇಲೆ "ಚಂದದ್ದು" ಮುಗಿಯುತ್ತದೆ. ನಿಜವಾದ ಚಿತ್ರ ಶುರುವಾಗುವುದು ಅಲ್ಲಿಂದ ಅಂತ ನನ್ನ ಎಣಿಕೆ.

ನಾನು ಒಂದು ಇಡೀ ತಿಂಗಳು ನಮ್ಮ ಮನೆಯ ಈಳಿಗೆಮಣೆಯೊಂದನ್ನೇ ಬರೆದೆ. ಬೇಕಂತಲೇ ಅಲ್ಲ, ಕಾಲು ಉಳುಕಿ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದೆ, ಎದುರಿಗೆ ಅದೇ ಇತ್ತು. ಮೊದಲ ದಿನ ಬರೆದದ್ದು ಒಂದು ಮಣೆ, ಒಂದು ಬಾಗಿದ ಅಲಗು. ಐದನೇ ದಿನ ಗೊತ್ತಾಯಿತು, ಅಲಗು ನೆಟ್ಟಗೆ ನಿಂತಿಲ್ಲ, ಎಡಕ್ಕೆ ಒಂದಿಷ್ಟು ವಾಲಿದೆ. ಅಮ್ಮ ಎಡಗೈಯವಳು, ನಲವತ್ತು ವರ್ಷ ಆ ಕಡೆಯಿಂದ ತರಕಾರಿ ಒತ್ತಿದ್ದಾಳೆ. ಒಂಬತ್ತನೇ ದಿನ ಮಣೆಯ ಮೇಲೆ ಪಾದ ಊರುವ ಜಾಗದ ತಗ್ಗು ಕಾಣಿಸಿತು. ತಿಂಗಳ ಕೊನೆಗೆ ಕಾಯಿ ತುರಿಯುವ ಹಲ್ಲುಗಳನ್ನು ಎಣಿಸಿದ್ದೆ, ಒಂದು ಮುರಿದಿತ್ತು. ಅಷ್ಟು ವರ್ಷ ದಿನಾ ಆ ಮಣೆಯ ಮೇಲೆ ಕೂತವಳಿಗೆ ಇದ್ಯಾವುದೂ ಕಂಡಿರಲಿಲ್ಲ. ಗೆಳತಿ ಮಾತ್ರ ಇಪ್ಪತ್ತನೇ ದಿನದ ಹೊತ್ತಿಗೆ "ಇನ್ನು ಒಂದು ಈಳಿಗೆ ಬಂದರೆ ಕವರು ವಾಪಸ್" ಅಂತ ಎಚ್ಚರಿಕೆ ಕೊಟ್ಟಿದ್ದಳು.

ತೀರಾ ಏನೂ ಹೊಳೆಯದ ದಿನ ನಾವು ಬಳಸುವ ಕೆಲವು ಉಪಾಯ ಇವು: ಇವತ್ತು ಕೈಗೆ ಬಂದ ಮೊದಲ ತರಕಾರಿ. ಬಸ್ಸಿನ ಎದುರು ಸೀಟಿನವರ ತಲೆಯ ಹಿಂಭಾಗ (ಜಡೆ, ಹೂವು, ಟೋಪಿ, ಬೋಳು, ಬೇಸರವೇ ಬರುವುದಿಲ್ಲ). ಕಣ್ಣು ಕಾಗದದ ಮೇಲಿಡದೆ ವಸ್ತುವನ್ನೇ ನೋಡುತ್ತಾ ಒಂದೇ ಗೆರೆಯಲ್ಲಿ ಬರೆಯುವುದು. ಎಡಗೈಯಲ್ಲಿ ಬರೆಯುವುದು. ಹಾಸ್ಟೆಲಿನ ರೂಮಿನಲ್ಲಿದ್ದ ಒಂದು ವಸ್ತುವನ್ನು ನೆನಪಿನಿಂದ ಬರೆಯುವುದು. ಈ ಕೊನೆಯದರಲ್ಲಿ ಇಬ್ಬರ ನೆನಪೂ ಒಂದೇ ಥರ ಇದ್ದದ್ದೇ ಇಲ್ಲ. ಬಕೆಟ್ಟು ಹಸಿರೋ ನೀಲಿಯೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಒಂದು ದಿನ ತಪ್ಪಿದರೆ?

ತಪ್ಪುತ್ತದೆ. ಆ ದಿನದ ಖಾಲಿ ಹಾಳೆಗೆ ತಾರೀಖು ಹಾಕಿ ಹಾಗೇ ಕಳಿಸುತ್ತೇವೆ. ಮರುದಿನ ಎರಡು ಬರೆದು ಸರಿದೂಗಿಸುವಂತಿಲ್ಲ, ಅದು ಸಾಲ ತೀರಿಸಿದ ಹಾಗೆ ಆಗುತ್ತದೆ. ನಮ್ಮೂರ ಮಾರಿಕಾಂಬಾ ಜಾತ್ರೆಯ ವಾರದಲ್ಲಿ ನನ್ನಿಂದ ಸಾಲಾಗಿ ಐದು ಖಾಲಿ ಹಾಳೆ ಹೋಗಿದ್ದವು. ಮನೆ ತುಂಬ ನೆಂಟರು. ಅವಳಿಗೆ ಜಾತ್ರೆ ಎಷ್ಟು ಜೋರು ಅಂತ ಅದರಿಂದಲೇ ಗೊತ್ತಾಯಿತಂತೆ.

ಬಂದ ಚಿತ್ರಕ್ಕೆ ಏನು ಹೇಳಬೇಕು?

ಸೂಪರ್, ಚೆನ್ನಾಗಿದೆ ಅನ್ನುವುದನ್ನು ನಾವು ಬಿಟ್ಟಿದ್ದೇವೆ. ಹೊಗಳಿದ್ದನ್ನೇ ಕೈ ಮತ್ತೆ ಮತ್ತೆ ಬರೆಯುತ್ತದೆ. ತಿದ್ದುವುದೂ ಇಲ್ಲ. ಕಂಡದ್ದರ ಬಗ್ಗೆ ಕೇಳಬಹುದು: ಆ ಗಡಿಯಾರ ಯಾಕೆ ನಿಂತಿದೆ, ಹಿತ್ತಿಲ ಬಾಳೆ ಕಡಿದಿರಾ, ಮೇಜಿನ ಮೇಲೆ ಎರಡೇ ಲೋಟ ಯಾಕೆ. ಆ ಎರಡು ಲೋಟದ ಪ್ರಶ್ನೆಗೆ ಬಂದ ಉತ್ತರ ನಾಲ್ಕು ಪುಟ ಇತ್ತು. ಅದನ್ನು ಇಲ್ಲಿ ಹೇಳುವಂತಿಲ್ಲ.

ಪೋಸ್ಟ್‌ಮ್ಯಾನ್ ಎಲ್ಲ ನೋಡ್ತಾರಲ್ಲ?

ಕಾರ್ಡಾದರೆ ನೋಡುತ್ತಾರೆ. ನೋಡಲಿ. ಮೊದಲು ನಾವು ಕಾರ್ಡ್ ಕಳಿಸುತ್ತಿದ್ದ ಕಾಲದಲ್ಲಿ ನಮ್ಮ ಅಂಚೆಯಣ್ಣ "ಈ ಸಲದ ಹಲಸಿನಹಣ್ಣು ಹಲಸಿನಹಣ್ಣಿನ ಹಾಗೆ ಇಲ್ಲ" ಅಂತ ತೀರ್ಪು ಕೊಟ್ಟಿದ್ದರು. ಠಸ್ಸೆ ಮಾತ್ರ ಎಲ್ಲಿ ಬೇಕೋ ಅಲ್ಲಿ ಬೀಳುತ್ತದೆ. ಒಮ್ಮೆ ಹುಣ್ಣಿಮೆ ಚಂದ್ರನ ಮೇಲೇ ಬಿದ್ದು, ಚಂದ್ರನಿಗೆ ಊರು ತಾರೀಖು ಎಲ್ಲ ಬಂದಿತ್ತು.

ಕಳೆದುಹೋದರೆ?

ಆರು ವರ್ಷದಲ್ಲಿ ಮೂರು ಕವರು ಕಳೆದಿವೆ. ನಾಲ್ಕನೆಯದು ಕಳೆದದ್ದಲ್ಲ, ನಾನೇ ಅಲೆಸಿದ್ದು. ಪಿನ್‌ಕೋಡಿನಲ್ಲಿ 570 ಬರೆಯುವ ಕಡೆ 577 ಬರೆದಿದ್ದೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದರ ಮೊದಲ ಮೂರು ಅಂಕಿ ನೋಡಿಯೇ ಚೀಲ ಬೇರೆಯಾಗುವುದು. 570 ಅಂದರೆ ಮೈಸೂರು, 577 ಅಂದರೆ ದಾವಣಗೆರೆ, ಶಿವಮೊಗ್ಗದ ಕಡೆ. ಕವರು 24 ದಿನ ಊರು ಸುತ್ತಿ, ಮೈತುಂಬ ಠಸ್ಸೆ ಹೊತ್ತು ಮೈಸೂರಿಗೆ ಹೋಯಿತು. ಒಳಗಿನ ಏಳು ಚಿತ್ರಕ್ಕಿಂತ ಕವರೇ ಚೆನ್ನಾಗಿದೆ ಅಂತ ಅವಳು ಅದನ್ನು ಗೋಡೆಗೆ ಹಚ್ಚಿದ್ದಾಳೆ.

ಕಳೆಯಲೇಬಾರದು ಅನ್ನುವಂಥದ್ದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಅದರಲ್ಲೇ ಸೇರಿಸಿದ್ದಾರೆ. ನಾವು ಮಾಡುವುದಿಲ್ಲ. ವಾರವಾರ ಬರುವುದಕ್ಕೆ ಸಹಿ ಹಾಕಿ ತೆಗೆದುಕೊಳ್ಳುವುದು ಯಾಕೋ ಕೋರ್ಟ್ ನೋಟಿಸಿನ ಹಾಗೆ ಅನಿಸುತ್ತದೆ.

ಮೂರು ನಾಲ್ಕು ಜನ ಸೇರಿ ಮಾಡಬಹುದಾ?

ಮಾಡಬಹುದು, ಆದರೆ ಎಲ್ಲರೂ ಎಲ್ಲರಿಗೂ ಕಳಿಸಲು ಹೋಗಬೇಡಿ, ಯಾರೋ ಒಬ್ಬರು ಎರಡನೇ ತಿಂಗಳಲ್ಲಿ ಮಾಯವಾಗುತ್ತಾರೆ. ಒಂದು ತೆಳ್ಳನೆಯ ನೋಟ್‌ಬುಕ್ಕನ್ನೇ ಸುತ್ತು ಹಾಕಿಸಿ. ಒಬ್ಬರು ಒಂದು ವಾರ ಬರೆದು ಮುಂದಿನವರಿಗೆ ಕಳಿಸುವುದು. ನಾವಿಬ್ಬರೂ ಇನ್ನಿಬ್ಬರನ್ನು ಸೇರಿಸಿಕೊಂಡು ಒಮ್ಮೆ ಪ್ರಯತ್ನಿಸಿದ್ದೆವು. ಆ ಪುಸ್ತಕ ಈಗಲೂ ಹುಬ್ಬಳ್ಳಿಯ ಒಂದು ಮನೆಯಲ್ಲಿ ಇದೆ. "ಮುಂದಿನ ವಾರ ಕಳಿಸ್ತೀನಿ" ಅಂದು ಮೂರು ವರ್ಷ ಆಯಿತು.

ಹಿಂದೆ ದೊಡ್ಡ ಕಲಾವಿದರೂ ಹೀಗೆ ಮಾಡುತ್ತಿದ್ದರಾ?

ಧಾರಾಳವಾಗಿ. 1888ರ ಜುಲೈ, ಆಗಸ್ಟ್‌ನಲ್ಲಿ ವಿನ್ಸೆಂಟ್ ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿದ್ದ. ತಾನು ಬರೆದ ವರ್ಣಚಿತ್ರಗಳು ಹೇಗಿವೆ ಅಂತ ದೂರದವರಿಗೆ ತೋರಿಸುವುದಕ್ಕೆ ಅವನ್ನೇ ಮತ್ತೆ ಶಾಯಿಯಲ್ಲಿ ಬರೆದು ಅಂಚೆಗೆ ಹಾಕಿದ. ಇಪ್ಪತ್ತು ವರ್ಷದ ಗೆಳೆಯ ಎಮಿಲ್ ಬರ್ನಾರ್‌ಗೆ 15, ಆಸ್ಟ್ರೇಲಿಯಾದ ಕಲಾವಿದ ಜಾನ್ ರಸೆಲ್‌ಗೆ 12, ತಮ್ಮ ಥಿಯೊಗೆ 5. ಜೊಂಡಿನ ಕಡ್ಡಿ ಕೆತ್ತಿ ಮಾಡಿಕೊಂಡ ಪೆನ್ನು. ಅದೇ ವರ್ಷದ ಅಕ್ಟೋಬರ್‌ನಲ್ಲಿ ತಮ್ಮನಿಗೆ ಬರೆದ ಕಾಗದದಲ್ಲಿ ತನ್ನ ಮಲಗುವ ಕೋಣೆಯ ಚಿತ್ರವಿದೆ: ಮಂಚ, ಎರಡು ಕುರ್ಚಿ, ಗೋಡೆಗೆ ತೂಗುಹಾಕಿದ ಬಟ್ಟೆ. ಬಣ್ಣ ಯಾವ್ಯಾವುದು ಅಂತ ಮಾತಿನಲ್ಲಿ ಬರೆದಿದ್ದಾನೆ.

ನಮ್ಮಲ್ಲಿ ಶಾಂತಿನಿಕೇತನದ ನಂದಲಾಲ್ ಬೋಸ್. ಪೋಸ್ಟ್‌ಕಾರ್ಡುಗಳ ಮೇಲೆ ಅವರು ಬರೆದ ಚಿತ್ರಗಳು ಸಾವಿರಗಟ್ಟಲೆ. ಗೆಳೆಯರಿಗೆ, ಶಿಷ್ಯರಿಗೆ ಕಳಿಸುತ್ತಲೇ ಇದ್ದರು. ನಾಲ್ಕೇ ಗೆರೆಯಲ್ಲಿ ಒಂದು ಆಡು, ಒಂದು ತಾಳೆಮರ. ಅವರ ಶಿಷ್ಯರಲ್ಲಿ ಒಬ್ಬರು ನಮ್ಮ ಧಾರವಾಡದಲ್ಲಿ ಹುಟ್ಟಿದ ದಿನಕರ ಕೌಶಿಕ್, ಮುಂದೆ ಶಾಂತಿನಿಕೇತನದ ಕಲಾಶಾಲೆಯಾದ ಕಲಾಭವನಕ್ಕೇ ಮುಖ್ಯಸ್ಥರಾದವರು. ಧಾರವಾಡದಲ್ಲಿ ಮೂರು ವರ್ಷ ಇದ್ದೂ ನಮಗಿಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ. ಆಗ ನಮಗೆ ಗೊತ್ತಿದ್ದದ್ದು ಪೇಢೆ ಮಾತ್ರ.

ಬಂದದ್ದನ್ನೆಲ್ಲ ಎಲ್ಲಿ ಇಡ್ತೀರಿ?

ಅಜ್ಜನ ಕಬ್ಬಿಣದ ಟ್ರಂಕಿನಲ್ಲಿ, ಒಣಗಿದ ಬೇವಿನೆಲೆ ಹಾಕಿ. ಶಿರಸಿಯ ಮಳೆಗೆ ಬೂಷ್ಟು ಬೇಗ ಹಿಡಿಯುತ್ತದೆ, ಅದಕ್ಕೆ ದಸರೆಯ ಬಿಸಿಲಿಗೆ ಎಲ್ಲವನ್ನೂ ಹೊರಗೆ ತೆಗೆದು ಜಗಲಿಯಲ್ಲಿ ಹರಡುತ್ತೇನೆ. ಒಂದರ ಮೇಲೊಂದು ಪೇರಿಸಿದರೆ ಆರು ವರ್ಷ ಅಂದರೆ ಒಂದೂವರೆ ಅಡಿ.

ಮಧ್ಯದಲ್ಲಿ ಜಗಳ ಆದರೆ?

ಆಗಿತ್ತು. ಕಾರಣ ಈಗ ಹೇಳಿದರೆ ನಗುತ್ತೀರಿ. ಫೋನು ನಿಂತಿತು, ಕವರು ನಿಲ್ಲಲಿಲ್ಲ. ಆದರೆ ಚಿತ್ರದ ಹಿಂದೆ ಬರೆಯುವ ಎರಡು ಸಾಲು ನಿಂತಿತು, ಬರೀ ತಾರೀಖು. ಐದು ವಾರ ಹಾಗೇ ಹೋಯಿತು. ಅವಳು ಸಾಲಾಗಿ ಬೀಗ, ಚಿಲಕ, ಮುಚ್ಚಿದ ಛತ್ರಿ ಬರೆದಳು. ನಾನೂ ಕಮ್ಮಿಯಿಲ್ಲ, ಮೆಣಸಿನಕಾಯಿ, ಕತ್ತರಿ, ಗುಂಡುಸೂಜಿ. ಆರನೇ ವಾರದ ಕವರಿನಲ್ಲಿ ಒಂದು ಖಾಲಿ ಉಪ್ಪಿನಕಾಯಿ ಜಾಡಿಯ ಚಿತ್ರ ಬಂತು. ಹಿಂದೆ ಬರೆದಿತ್ತು: "ಅಪ್ಪೆಮಿಡಿ ಮುಗಿದಿದೆ ಕಣೇ."

ನಿಮ್ಮ ಚಿತ್ರಗಳನ್ನು ಒಮ್ಮೆ ನೋಡಬಹುದಾ?

ನನ್ನ ಹತ್ತಿರ ಇಲ್ಲವಲ್ಲ! ಮೈಸೂರಿನಲ್ಲಿವೆ. ಅವಳ ಚಿತ್ರ ಬೇಕಾದರೆ ಶಿರಸಿಗೆ ಬನ್ನಿ, ದಸರೆಯ ಹೊತ್ತಿಗಾದರೆ ಜಗಲಿಯಲ್ಲೇ ಇರುತ್ತವೆ. ಆದರೆ ಅವಳನ್ನು ಒಂದು ಮಾತು ಕೇಳಬೇಕು. ಈ ಶನಿವಾರದ ಕವರಿನಲ್ಲಿ ಬರೆಯುತ್ತೇನೆ, ಉತ್ತರ ಬರಲು ಹತ್ತು ಹನ್ನೆರಡು ದಿನ ಹಿಡಿಯುತ್ತದೆ.